ಮನೆ ಯಾರ ಹೆಸರಿನಲ್ಲಿ? ಮೊದಲ ಮನೆ ಕೊಳ್ಳುವ ಮುನ್ನ ನೋಡಬೇಕಾದ್ದು

ಊರಲ್ಲೊಂದು ಸ್ವಂತ ಮನೆ. ನಮ್ಮ ಬ್ಯಾರಿ ಕುಟುಂಬಗಳಲ್ಲಿ ಹುಡುಗ ಪಾಸ್‌ಪೋರ್ಟ್ ಮಾಡಿಸುವ ದಿನದಿಂದಲೇ ಈ ಲೆಕ್ಕ ಶುರುವಾಗುತ್ತದೆ. ದಮ್ಮಾಮ್‌ನಲ್ಲೋ ದುಬೈಯಲ್ಲೋ ಹತ್ತು ಹನ್ನೆರಡು ವರ್ಷ ದುಡಿದು, ತಂಗಿಯರ ಮದುವೆ ಮುಗಿಸಿ, ಕೊನೆಗೆ ಕೈಯಲ್ಲಿ ಉಳಿದದ್ದನ್ನೆಲ್ಲ ಸೇರಿಸಿ ಐದು ಸೆಂಟ್ಸ್ ಜಾಗಕ್ಕೋ ಎರಡು ಬೆಡ್‌ರೂಮಿನ ಫ್ಲ್ಯಾಟಿಗೋ ಹಾಕುತ್ತೇವೆ. ಹೆಚ್ಚಿನವರಿಗೆ ಜೀವನದಲ್ಲಿ ಇದೊಂದೇ ದೊಡ್ಡ ವ್ಯಾಪಾರ. ಇದರಲ್ಲಿ ತಪ್ಪಾದರೆ ಎರಡನೇ ಸಲ ಮಾಡಲು ವಯಸ್ಸೂ ಇರುವುದಿಲ್ಲ, ಹಣವೂ ಇರುವುದಿಲ್ಲ.

ಮದ್ರಸದಲ್ಲಿ ಕಲಿಸುವ ನಮ್ಮಂಥವರನ್ನು ಮನೆ ಒಕ್ಕಲಿಗೆ ದುಆ ಮಾಡಲು ಕರೆಯುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಅದೇ ಮನೆಯ ಪಾಲಿನ ತಕರಾರಿಗೆ ಮಸೀದಿಯ ಆಫೀಸಿಗೂ ಕರೆಯುತ್ತಾರೆ. ಎರಡೂ ಕಡೆ ಕೂತು ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ನಮ್ಮವರು ಮೋಸ ಹೋಗುವುದು ಯಾವಾಗಲೂ ಹೊರಗಿನ ಬ್ರೋಕರ್‌ನಿಂದಲೇ ಅಲ್ಲ. ಹೆಚ್ಚಿನ ನಷ್ಟ ಆಗುವುದು "ನಮ್ಮೊಳಗೆ ಎಂತ ಬರವಣಿಗೆ?" ಎನ್ನುವ ಮಾತಿನಿಂದ. ಆದ್ದರಿಂದ ಆ ಮಾತಿನಿಂದಲೇ ಶುರು ಮಾಡೋಣ.

ಹಣ ಮಗನದ್ದು, ದಸ್ತಾವೇಜು ಬಾಪನದ್ದು

ಮಗ ಗಲ್ಫ್‌ನಲ್ಲಿರುತ್ತಾನೆ. ಜಾಗ ಸಿಕ್ಕಿದೆ, ಬೇಗ ರಿಜಿಸ್ಟ್ರಿ ಆಗಬೇಕು. ಅವನಿಗೆ ರಜೆ ಇಲ್ಲ. "ಬಾಪನ ಹೆಸರಲ್ಲಿ ಮಾಡಿ ಬಿಡಿ, ಆಮೇಲೆ ನೋಡೋಣ" ಎನ್ನುತ್ತಾನೆ. ಆ "ಆಮೇಲೆ" ಬರುವುದೇ ಇಲ್ಲ.

ಒಂದು ಉದಾಹರಣೆಯ ಲೆಕ್ಕ ಹಾಕೋಣ. ಮನೆಯ ಬೆಲೆ 40 ಲಕ್ಷ. ಪೂರ್ತಿ ಹಣ ಕಳುಹಿಸಿದ್ದು ದೊಡ್ಡ ಮಗ. ದಸ್ತಾವೇಜು ಬಾಪನ ಹೆಸರಲ್ಲಿ. ಬಾಪ ತೀರಿಕೊಂಡರು. ಅಜ್ಜ ಅಜ್ಜಿ ಯಾರೂ ಇಲ್ಲ. ಉಮ್ಮ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಇದ್ದಾರೆ. ಫರಾಯಿಳ್ ಪ್ರಕಾರ ಉಮ್ಮನಿಗೆ ಎಂಟರಲ್ಲಿ ಒಂದು ಪಾಲು, ಅಂದರೆ 5 ಲಕ್ಷ. ಉಳಿದ 35 ಲಕ್ಷವನ್ನು ಏಳು ಪಾಲು ಮಾಡಬೇಕು. ಗಂಡುಮಕ್ಕಳಿಗೆ ಎರಡೆರಡು, ಹೆಣ್ಣುಮಕ್ಕಳಿಗೆ ಒಂದೊಂದು. ಅಲ್ಲಿಗೆ ಗಂಡುಮಕ್ಕಳಿಗೆ 10 ಲಕ್ಷದಂತೆ, ಹೆಣ್ಣುಮಕ್ಕಳಿಗೆ 5 ಲಕ್ಷದಂತೆ. 40 ಲಕ್ಷ ಕೊಟ್ಟವನ ಪಾಲು 10 ಲಕ್ಷ. ಇಡೀ ಮನೆ ತನ್ನದೆಂದು ಹದಿನೈದು ವರ್ಷ ನಂಬಿದವನಿಗೆ ಅದರಲ್ಲಿ ಕಾಲು ಭಾಗ.

ಇಲ್ಲಿ ತಂಗಿಯರು ಪಾಲು ಕೇಳಿದರೆ ಅವರು ಕೆಟ್ಟವರಾ? ಖಂಡಿತ ಅಲ್ಲ. ದಾಖಲೆಯಲ್ಲಿ ಬಾಪನ ಆಸ್ತಿ, ಶರೀಅತ್ ಕೊಟ್ಟ ಪಾಲು, ಅವರು ಕೇಳುತ್ತಾರೆ. ಅಣ್ಣನೇ ಹಣ ಕಳುಹಿಸಿದ್ದು ಎಂದು ಅವರಿಗೂ ಗೊತ್ತಿರಬಹುದು, ಅವರ ಗಂಡಂದಿರಿಗೆ ಗೊತ್ತಿರಬೇಕೆಂದಿಲ್ಲ, ಮಕ್ಕಳಿಗಂತೂ ಗೊತ್ತೇ ಇರುವುದಿಲ್ಲ. ಬರೆದಿಡದ ಸತ್ಯ ಒಂದು ತಲೆಮಾರು ದಾಟುವುದಿಲ್ಲ.

ತಮ್ಮನ ಹೆಸರಲ್ಲಿ ಮಾಡಿದರೆ ಇನ್ನೂ ಕಷ್ಟ. ತಮ್ಮ ಹೆಂಡತಿ ಮಕ್ಕಳನ್ನು ಬಿಟ್ಟು ತೀರಿಕೊಂಡ ಎನ್ನಿ. ಅವನಿಗೊಬ್ಬ ಗಂಡುಮಗನಿದ್ದರೆ ಅಣ್ಣನಿಗೆ ವಾರಸುದಾರನಾಗಿ ಒಂದು ಪೈಸೆಯೂ ಬರುವುದಿಲ್ಲ. ಮನೆ ತಮ್ಮನ ಹೆಂಡತಿ ಮಕ್ಕಳಿಗೆ, ಬದುಕಿದ್ದರೆ ಬಾಪ ಉಮ್ಮನಿಗೆ ಹೋಗುತ್ತದೆ. ಯತೀಮ್ ಮಕ್ಕಳ ಕೈಯಿಂದ ಮನೆ ಬಿಡಿಸಿಕೊಂಡ ಎನ್ನುವ ಅಪವಾದ ಹೊರುವುದಾ, ಅಲ್ಲ ದುಡಿದದ್ದನ್ನೆಲ್ಲ ಬಿಟ್ಟು ಸುಮ್ಮನಾಗುವುದಾ?

ಕೋರ್ಟಿಗೆ ಹೋಗಿ "ಹಣ ನನ್ನದು" ಎಂದು ಸಾಧಿಸೋಣ ಎಂದರೆ ಅದೂ ಸುಲಭವಿಲ್ಲ. 1988ರ ಬೇನಾಮಿ ಕಾಯ್ದೆಗೆ 2016ರಲ್ಲಿ ದೊಡ್ಡ ತಿದ್ದುಪಡಿ ಆಗಿದೆ. ಹೆಂಡತಿ ಅಥವಾ ಮಕ್ಕಳ ಹೆಸರಲ್ಲಿ, ಲೆಕ್ಕಕ್ಕೆ ಸಿಗುವ ಹಣದಿಂದ ಆಸ್ತಿ ಕೊಂಡರೆ ಅಡ್ಡಿ ಇಲ್ಲ. ತಂದೆ ತಾಯಿ, ಅಣ್ಣ ತಮ್ಮ, ಅಕ್ಕ ತಂಗಿಯರ ಹೆಸರು ಹಾಕುವುದಾದರೆ ದಸ್ತಾವೇಜಿನಲ್ಲಿ ಹಣ ಕೊಟ್ಟವನ ಹೆಸರೂ ಜಂಟಿ ಮಾಲಕನಾಗಿ ಇರಬೇಕು. ಬರೀ ಬಾಪನ ಹೆಸರು, ಬರೀ ತಮ್ಮನ ಹೆಸರು ಹಾಕಿದರೆ ಈ ವಿನಾಯಿತಿ ಸಿಗುವುದಿಲ್ಲ. ಆಸ್ತಿ ನನ್ನದೆಂದು ದಾವೆ ಹೂಡುವ ದಾರಿಯನ್ನೂ ಅದೇ ಕಾಯ್ದೆ ಮುಚ್ಚುತ್ತದೆ.

ಹಾಗಾದರೆ ರಜೆ ಇಲ್ಲದವ ಎಂತ ಮಾಡಬೇಕು? ತನ್ನ ಹೆಸರಲ್ಲೇ ಕೊಳ್ಳಬಹುದು. ಊರಲ್ಲಿರುವ ಬಾಪನಿಗೋ ತಮ್ಮನಿಗೋ ಆ ಒಂದು ವ್ಯವಹಾರಕ್ಕೆ ಮಾತ್ರ ಅಧಿಕಾರ ಪತ್ರ, ಅಂದರೆ ಸ್ಪೆಷಲ್ ಪವರ್ ಆಫ್ ಅಟಾರ್ನಿ ಕೊಡಬಹುದು. ಅಲ್ಲಿನ ಭಾರತೀಯ ರಾಯಭಾರ ಕಚೇರಿ ಅಥವಾ ಕಾನ್ಸುಲೇಟ್‌ನಲ್ಲಿ ಸಹಿ ದೃಢೀಕರಿಸಿ, ಪತ್ರ ಊರಿಗೆ ತಲುಪಿದ 3 ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ಒಂದೆರಡು ವಾರ ಹೆಚ್ಚು ಹಿಡಿಯುತ್ತದೆ, ಅಷ್ಟೇ.

ಈಗಾಗಲೇ ಬಾಪನ ಹೆಸರಲ್ಲಿ ಆಗಿ ಹೋಗಿದೆ ಎನ್ನುವವರು ಬಾಪ ಆರೋಗ್ಯವಾಗಿರುವಾಗಲೇ ಸರಿ ಮಾಡಿಕೊಳ್ಳಿ. ಬಾಪ ಮಗನಿಗೆ ಹಿಬತ್, ಅಂದರೆ ದಾನಪತ್ರ ಮಾಡಬಹುದು. ಕೊಡುವುದು, ಒಪ್ಪುವುದು, ಸ್ವಾಧೀನ ಬಿಟ್ಟುಕೊಡುವುದು ಈ ಮೂರೂ ಆಗಬೇಕು. ಬಾಯಿಮಾತಿನ ಹಿಬತ್‌ಗೂ ಮುಸ್ಲಿಂ ಕಾನೂನಿನಲ್ಲಿ ಜಾಗ ಉಂಟು, ಆದರೆ ಖಾತೆ ಬದಲಾಯಿಸಲು, ಮುಂದೆ ತಕರಾರು ಬಾರದಿರಲು ನೋಂದಣಿ ಮಾಡಿಸುವುದೇ ಸರಿ. ಕುಟುಂಬದೊಳಗಿನ ದಾನಪತ್ರಕ್ಕೆ ನಮ್ಮ ರಾಜ್ಯದಲ್ಲಿ ಮುದ್ರಾಂಕ ಶುಲ್ಕದ ರಿಯಾಯಿತಿಯೂ ಇದೆ. ಬೇರೆ ಮಕ್ಕಳನ್ನು ಕೂರಿಸಿ, ಹಣ ಯಾರದ್ದೆಂದು ಎಲ್ಲರೆದುರು ಹೇಳಿಯೇ ಮಾಡಿ. "ವಸಿಯ್ಯತ್ ಬರೆದಿಟ್ಟರೆ ಸಾಕಲ್ವಾ?" ಎಂದು ಕೆಲವರು ಕೇಳುತ್ತಾರೆ. ಸಾಲದು. ವಾರಸುದಾರನಿಗೆ ಮಾಡಿದ ವಸಿಯ್ಯತ್ ಉಳಿದ ವಾರಸುದಾರರು ಒಪ್ಪದಿದ್ದರೆ ನಡೆಯುವುದಿಲ್ಲ.

ಹೆಂಡತಿಯ ಚಿನ್ನ

ಮನೆಯ ಹಣದಲ್ಲಿ ಕೊನೆಯ ಐದಾರು ಲಕ್ಷ ಕಡಿಮೆ ಬಿದ್ದಾಗ ನಮ್ಮ ಕಣ್ಣು ಹೋಗುವುದು ಕಪಾಟಿನ ಕಡೆಗೆ. ಹೆಂಡತಿಯ 20 ಪವನ್ ಮಾರಿ ಮನೆ ಮುಗಿಸುತ್ತೇವೆ. ಮಹ್ರ್ ಆಗಿ ಬಂದದ್ದಿರಲಿ, ತವರಿನವರು ಹಾಕಿದ್ದಿರಲಿ, ಆ ಚಿನ್ನ ಅವಳದ್ದು. ಅದರಲ್ಲಿ ಗಂಡನಿಗೆ ಹಕ್ಕಿಲ್ಲ ಎಂಬುದು ಮದ್ರಸದ ಮಕ್ಕಳಿಗೂ ಗೊತ್ತಿರುವ ವಿಷಯ. ಆದರೆ ದಸ್ತಾವೇಜು ಬರೆಯುವಾಗ ಅವಳ ಹೆಸರು ಯಾರಿಗೂ ನೆನಪಾಗುವುದಿಲ್ಲ.

ಅವಳು ಮನಸಾರೆ ಕೊಟ್ಟರೆ ಅದು ಅವಳ ಔದಾರ್ಯ. ಆದರೆ "ಬೇಡ" ಎಂದು ಹೇಳುವ ಧೈರ್ಯ ಇಲ್ಲದೆ ಕೊಟ್ಟದ್ದನ್ನು ಮನಸಾರೆ ಕೊಟ್ಟದ್ದೆಂದು ಲೆಕ್ಕ ಹಾಕಬಾರದು. ಎರಡು ದಾರಿ ಇದೆ. ಒಂದು, ಅವಳ ಹಣಕ್ಕೆ ತಕ್ಕ ಪಾಲನ್ನು ದಸ್ತಾವೇಜಿನಲ್ಲಿ ತೋರಿಸಿ ಜಂಟಿ ಹೆಸರಲ್ಲಿ ಮಾಡಿಸುವುದು. ಇನ್ನೊಂದು, ಸಾಲವಾಗಿ ತೆಗೆದುಕೊಂಡದ್ದೆಂದು ಇಬ್ಬರು ಸಾಕ್ಷಿಗಳ ಎದುರು ಬರೆದಿಡುವುದು. ಬರೆಯುವಾಗ ರೂಪಾಯಿ ಲೆಕ್ಕದಲ್ಲಿ ಬರೆಯಬೇಡಿ. 20 ಪವನ್ ಎಂದರೆ 160 ಗ್ರಾಂ. ಗ್ರಾಂ ಲೆಕ್ಕದಲ್ಲೇ ಬರೆಯಿರಿ. ಹತ್ತು ವರ್ಷದ ಹಿಂದಿನ ಚಿನ್ನದ ಬೆಲೆಯೂ ಇವತ್ತಿನ ಬೆಲೆಯೂ ಎಲ್ಲಿಂದೆಲ್ಲಿಗೆ ಎಂದು ನಿಮಗೇ ಗೊತ್ತು. ಗಂಡ ತೀರಿಕೊಂಡರೆ ಪಾಲು ಮಾಡುವ ಮೊದಲು ಸಾಲ ತೀರಿಸಬೇಕು. ಬರೆದಿದ್ದರೆ ವಿಧವೆಗೆ ಅವಳ ಚಿನ್ನ ಮೊದಲು ಸಿಗುತ್ತದೆ. ಬರೆಯದಿದ್ದರೆ ಅವಳಿಗೆ ಎಂಟರಲ್ಲಿ ಒಂದು ಪಾಲು ಮಾತ್ರ.

ಸಾಲದ ವ್ಯವಹಾರ ಬರೆದಿಡಬೇಕು, ಸಾಕ್ಷಿ ಇರಬೇಕು ಎಂದು ಹೇಳುವ ಅಲ್ ಬಖರದ 282ನೇ ಆಯತ್ ಕುರ್‌ಆನಿನಲ್ಲೇ ಅತಿ ಉದ್ದದ ಆಯತ್. ಹಿಫ್ಳ್ ಮಾಡುವ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ನಾವು ದೊಡ್ಡವರು ಮಾತ್ರ ವ್ಯಾಪಾರದ ಹೊತ್ತಿಗೆ "ನಂಬಿಕೆ ಇಲ್ವಾ?" ಎನ್ನುತ್ತೇವೆ. ಬರೆಯುವುದು ನಂಬಿಕೆ ಇಲ್ಲದವರ ಕೆಲಸವಲ್ಲ.

ಮಾರುವವರ ಮನೆಯಲ್ಲೂ ಇದೇ ಕಥೆ

ನಾವು ಕೊಳ್ಳುವ ಜಾಗ ಹೆಚ್ಚಾಗಿ ಯಾರದ್ದೋ ಬಾಪನಿಂದ ಬಂದದ್ದು. ಖಾತೆ ದೊಡ್ಡಣ್ಣನ ಹೆಸರಲ್ಲಿ ಇರುತ್ತದೆ. ಇಬ್ಬರು ಅಣ್ಣತಮ್ಮಂದಿರು ಬಂದು ಸಹಿ ಹಾಕುತ್ತಾರೆ. "ತಂಗಿಯರಿಗೆ ಮದುವೆಯಲ್ಲೇ ಕೊಟ್ಟಾಗಿದೆ, ಅವರು ಕೇಳುವುದಿಲ್ಲ" ಎನ್ನುತ್ತಾರೆ.

ಈ ಮಾತನ್ನು ನಂಬಿ ಅಡ್ವಾನ್ಸ್ ಕೊಡಬೇಡಿ. ಮದುವೆಗೆ ಮಾಡಿದ ಖರ್ಚಿನಿಂದ ಹೆಣ್ಣುಮಕ್ಕಳ ವಾರಸು ಪಾಲು ತೀರುವುದಿಲ್ಲ. ಆರ್‌ಟಿಸಿಯಲ್ಲಿ, ಖಾತೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಪೂರ್ತಿ ಹಕ್ಕು ಅವನದ್ದೆಂದು ಅರ್ಥವೂ ಅಲ್ಲ. ಒಬ್ಬ ತನ್ನ ಪಾಲನ್ನು ಮಾತ್ರ ಮಾರಬಹುದು, ತಂಗಿಯ ಪಾಲನ್ನು ಮಾರಲು ಅವನಿಗೆ ಅಧಿಕಾರ ಇಲ್ಲ. ಸಂತತಿ ನಕ್ಷೆ ತರಿಸಿ ನೋಡಿ. ಅದರಲ್ಲಿರುವ ಎಲ್ಲರೂ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಅಥವಾ ತಮ್ಮ ಹಕ್ಕು ಬಿಟ್ಟುಕೊಟ್ಟ ಪತ್ರ ನೋಂದಣಿ ಆಗಿರಬೇಕು. ಉಮ್ಮನನ್ನು ಮರೆಯಬೇಡಿ, ಅವರಿಗೂ ಪಾಲಿದೆ. ಬಾಪನಿಗೆ ಇನ್ನೊಂದು ಮದುವೆ ಇತ್ತೇ ಎಂದು ಊರಿನ ಹಿರಿಯರಲ್ಲಿ ಮೆಲ್ಲ ವಿಚಾರಿಸಿ. ಕೇಳಲು ನಾಚಿಕೆಯಾಗುತ್ತದೆ, ಆದರೂ ಕೇಳಬೇಕು.

ವಾರಸುದಾರರಲ್ಲಿ 18 ತುಂಬದ ಯತೀಮ್ ಮಕ್ಕಳಿದ್ದರೆ ಇನ್ನಷ್ಟು ಜಾಗ್ರತೆ. ಮಕ್ಕಳ ಪರವಾಗಿ ಅವರ ತಾಯಿಯೋ ದೊಡ್ಡಪ್ಪನೋ ಸಹಿ ಹಾಕಿದರೆ ಸಾಲುವುದಿಲ್ಲ. ನಮ್ಮ ವೈಯಕ್ತಿಕ ಕಾನೂನಿನಲ್ಲಿ ತಾಯಿ ಮಕ್ಕಳನ್ನು ಸಾಕುವವಳು ಹೌದು, ಆದರೆ ಅವರ ಸ್ಥಿರಾಸ್ತಿ ಮಾರುವ ಅಧಿಕಾರ ಅವಳಿಗೆ ತನ್ನಿಂತಾನೇ ಬರುವುದಿಲ್ಲ. 1890ರ ಗಾರ್ಡಿಯನ್ಸ್ ಆ್ಯಂಡ್ ವಾರ್ಡ್ಸ್ ಕಾಯ್ದೆಯಡಿ ಜಿಲ್ಲಾ ನ್ಯಾಯಾಲಯದ ಅನುಮತಿ ಬೇಕು. ಅದಿಲ್ಲದೆ ಕೊಂಡರೆ ಮಕ್ಕಳು ದೊಡ್ಡವರಾದ ಮೇಲೆ ಪ್ರಶ್ನಿಸಬಹುದು. ಕಾನೂನಿನ ಮಾತು ಒತ್ತಟ್ಟಿಗಿರಲಿ, ಯತೀಮ್ ಮಕ್ಕಳ ಆಸ್ತಿಯ ಬಗ್ಗೆ ದೀನ್ ಎಷ್ಟು ಕಠಿಣವಾಗಿ ಎಚ್ಚರಿಸಿದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಅಂಥ ಮನೆಯಲ್ಲಿ ಮಲಗಿದರೆ ನಿದ್ದೆ ಬರಬೇಕಲ್ಲ?

ಮಾರುವವನೇ ಗಲ್ಫ್‌ನಲ್ಲಿದ್ದು ಪವರ್ ಆಫ್ ಅಟಾರ್ನಿ ಹಿಡಿದವ ಬಂದರೆ, ಪತ್ರ ಕೊಟ್ಟವನ ಜತೆ ನೇರ ವೀಡಿಯೋ ಕಾಲ್‌ನಲ್ಲಿ ಮಾತಾಡಿ. ಕೊಟ್ಟವ ಸತ್ತರೆ ಆ ಪತ್ರದ ಜೀವವೂ ಹೋಗುತ್ತದೆ. ಬರೀ ಜಿಪಿಎ ಮತ್ತು ಕರಾರು ಪತ್ರ ಮಾಡಿಕೊಂಡು "ಜಾಗ ನಿಮ್ಮದಾಯ್ತು" ಎನ್ನುವವರಿಂದ ದೂರ ಇರಿ. ಹಾಗೆ ಮಾಡಿದರೆ ಮಾಲಕತ್ವ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನೋಂದಣಿಯಾದ ಕ್ರಯಪತ್ರವೇ ಬೇಕು.

ನಮ್ಮ ಜಿಲ್ಲೆಯ ಜಾಗದ ಗುಣ

ಬೆಂಗಳೂರಿನವರ ಸಲಹೆ ಕೇಳಿ ಇಲ್ಲಿ ಜಾಗ ಕೊಂಡರೆ ಆಗುವುದಿಲ್ಲ. ನಮ್ಮ ದಕ್ಷಿಣ ಕನ್ನಡದ ಜಾಗಕ್ಕೆ ಅದರದ್ದೇ ಆದ ತೊಡಕುಗಳಿವೆ.

ಮೊದಲನೆಯದು ಕುಮ್ಕಿ. ವರ್ಗ ಜಾಗದ ಸುತ್ತ 100 ಗಜದೊಳಗಿನ ಸರಕಾರಿ ಜಾಗವನ್ನು ಸೊಪ್ಪು, ಸೌದೆ, ಮೇವಿಗೆ ಬಳಸುವ ಹಳೆಯ ಸವಲತ್ತು ಅದು. ತಲೆಮಾರಿನಿಂದ ಬೇಲಿ ಹಾಕಿ ಅನುಭವಿಸಿದರೂ ಅದು ಸರಕಾರದ ಜಾಗವೇ. "ವರ್ಗ ಐದು ಸೆಂಟ್ಸ್, ಕುಮ್ಕಿ ಹತ್ತು ಸೆಂಟ್ಸ್, ಒಟ್ಟು ಹದಿನೈದು" ಎಂದು ತೋರಿಸಿ ಹದಿನೈದಕ್ಕೂ ಹಣ ಕೇಳುವವರಿದ್ದಾರೆ. ನಿಮಗೆ ಸಿಗುವುದು ಐದೇ. ಹಾಗೆಯೇ ಡಿಸಿ ಮನ್ನಾ ಜಾಗ, ಪರಂಬೋಕು, ದಲಿತರಿಗೆ ಮಂಜೂರಾದ ಜಾಗ. ಕೊನೆಯದನ್ನು ಸರಕಾರದ ಅನುಮತಿ ಇಲ್ಲದೆ ಕೊಂಡರೆ 1978ರ ಪಿಟಿಸಿಎಲ್ ಕಾಯ್ದೆಯಡಿ ಜಾಗ ಮೂಲ ಕುಟುಂಬಕ್ಕೆ ವಾಪಸ್ ಹೋಗುತ್ತದೆ. ಎಷ್ಟು ವರ್ಷ ಕಳೆದರೂ ಅದಕ್ಕೆ ಕಾಲಮಿತಿ ಇಲ್ಲವೆಂದು 2023ರಲ್ಲಿ ತಿದ್ದುಪಡಿ ಆಗಿದೆ. ಬಡವರಿಗೆ ಕೊಟ್ಟ ಜಾಗ ಅದು. ಅಗ್ಗಕ್ಕೆ ಸಿಗುತ್ತದೆಂದು ಆಸೆ ಪಡುವುದು ಕಾನೂನಿಗೂ ತಪ್ಪು, ನ್ಯಾಯಕ್ಕೂ ತಪ್ಪು. ದರ್ಖಾಸ್ತು, ಅಕ್ರಮ ಸಕ್ರಮ, 94ಸಿ ಎಂದು ಮಂಜೂರಾದ ಜಾಗವಾದರೆ ಮಂಜೂರಾತಿ ಪತ್ರ ಓದಿ, ಇಷ್ಟು ವರ್ಷ ಮಾರಬಾರದು ಎಂಬ ಷರತ್ತು ಉಂಟಾ ಎಂದು ನೋಡಿ. ವಕ್ಫ್ ಜಾಗವನ್ನಂತೂ ಯಾವ ಮುತವಲ್ಲಿಯೂ ಮಾರಲು ಬರುವುದಿಲ್ಲ.

ಎರಡನೆಯದು ಕನ್ವರ್ಶನ್. ಕೃಷಿ ಭೂಮಿಯಲ್ಲಿ ಮನೆ ಕಟ್ಟಬೇಕಾದರೆ ಭೂಪರಿವರ್ತನೆ ಆಗಿರಬೇಕು. ಎನ್‌ಆರ್‌ಐ ಸಹೋದರರಿಗೆ ಇದು ಇನ್ನೂ ಮುಖ್ಯ. ವಿದೇಶದಲ್ಲಿ ನೆಲೆಸಿರುವ ಭಾರತೀಯರು ವಾಸದ ಮನೆ, ಫ್ಲ್ಯಾಟ್, ಕನ್ವರ್ಶನ್ ಆದ ನಿವೇಶನ ಕೊಳ್ಳಬಹುದು. ಕೃಷಿ ಜಮೀನು, ತೋಟ, ಫಾರ್ಮ್‌ಹೌಸ್ ಕೊಳ್ಳುವಂತಿಲ್ಲ. "ಮೊದಲು ಜಾಗ ಮಾಡಿ, ಕನ್ವರ್ಶನ್ ನಾವೇ ಮಾಡಿಸಿ ಕೊಡ್ತೇವೆ" ಎಂಬ ಮಾತಿಗೆ ತಲೆದೂಗಬೇಡಿ. ಕನ್ವರ್ಶನ್ ಆದ ಮೇಲೆ ಹಣ.

ಸರ್ವೆ ನಂಬರಿನ ಒಂದು ತುಂಡು ಕೊಳ್ಳುವುದಾದರೆ 11ಇ ನಕ್ಷೆ ಕೇಳಿ. ಒಂದೇ ಸರ್ವೆ ನಂಬರಿನಲ್ಲಿ ಹತ್ತಾರು ಮಂದಿಯ ಹೆಸರಿದ್ದು ಪ್ಲಾಟಿಂಗ್ ಆಗದ ಜಾಗ ನಮ್ಮಲ್ಲಿ ಬಹಳ. ನೀವು ನೋಡಿದ ತೆಂಗಿನ ಮರ ಬೇರೆಯವನ ಪಾಲಿಗೆ, ನಿಮ್ಮ ಪಾಲಿಗೆ ಕೆಳಗಿನ ತೋಡು ಬರಬಾರದಲ್ಲ? ದಾರಿಯ ವಿಷಯವೂ ಹಾಗೆಯೇ. ಈಗ ಕಾರು ಹೋಗುವ ದಾರಿ ದಸ್ತಾವೇಜಿನಲ್ಲಿ ಎಷ್ಟು ಅಡಿ ಅಗಲ ಎಂದು ಬರೆದಿದೆಯೇ? ಬಾವಿಯ ನೀರಿಗೆ ಹಕ್ಕು ಬರೆದಿದೆಯೇ? "ನಾವು ಅಣ್ಣತಮ್ಮಂದಿರ ಹಾಗೆ, ದಾರಿ ಯಾರು ತಡೀತಾರೆ?" ಎಂದವರ ಮಕ್ಕಳೇ ಮುಂದೆ ಕಲ್ಲು ಕಟ್ಟುತ್ತಾರೆ.

ಮೂರನೆಯದು ಮಳೆ. ಜನವರಿಯಲ್ಲಿ ನೋಡಿದ ಜಾಗವನ್ನು ಜುಲೈಯಲ್ಲಿ ಇನ್ನೊಮ್ಮೆ ನೋಡದೆ ಕೊಳ್ಳಬೇಡಿ. ಬೈಲಿಗೆ ಮಣ್ಣು ತುಂಬಿಸಿ ಮಾಡಿದ ಸೈಟ್, ಗುಡ್ಡ ಕಡಿದು ಮಾಡಿದ ಸೈಟ್ ಎರಡೂ ಬೇಸಿಗೆಯಲ್ಲಿ ಚಂದ ಕಾಣುತ್ತವೆ. 2025ರ ಮೇ 30ರ ಮಳೆಗೆ ಉಳ್ಳಾಲ ತಾಲೂಕಿನ ಮಂಜನಾಡಿಯಲ್ಲಿ ಮನೆಯ ಮೇಲೆ ಗುಡ್ಡ ಕುಸಿದು ಎಳೆಯ ಮಕ್ಕಳ ಜೀವ ಹೋದದ್ದನ್ನು ಯಾರೂ ಮರೆತಿಲ್ಲ. ಹಿಂದಿನ ದರೆ ಎಷ್ಟು ಎತ್ತರ, ತಡೆಗೋಡೆ ಉಂಟಾ, ಮೇಲಿನ ನೀರು ಎಲ್ಲಿ ಇಳಿಯುತ್ತದೆ ಎಂದು ನಿಂತು ನೋಡಿ. ನೇತ್ರಾವತಿ, ಫಲ್ಗುಣಿ ದಂಡೆಯಲ್ಲಿ ನೋಡುವವರು ಸಿಆರ್‌ಝಡ್ ವಿಚಾರಿಸಿ. ಆ ನಿಯಮ ಕಡಲ ಬದಿಗೆ ಮಾತ್ರವಲ್ಲ, ಉಬ್ಬರದ ನೀರು ಬರುವ ನದಿ ಬದಿಗೂ ಇದೆ.

ಯಾವ ಕಾಗದ, ಅದರಲ್ಲಿ ಎಂತ ನೋಡುವುದು

ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪ್ರಮಾಣಪತ್ರ, ಅಂದರೆ ಇಸಿ ಸಿಗುತ್ತದೆ. ಕನಿಷ್ಠ 30 ವರ್ಷದ್ದು ತೆಗೆಯಿರಿ. ಆದರೆ ಇಸಿ ಶುದ್ಧ ಇದೆ ಎಂದ ಕೂಡಲೇ ಎಲ್ಲ ಶುದ್ಧ ಎಂದಲ್ಲ. ಅದರಲ್ಲಿ ಕಾಣುವುದು ನೋಂದಣಿಯಾದ ವ್ಯವಹಾರ ಮಾತ್ರ. ನಡೆಯುತ್ತಿರುವ ಕೋರ್ಟ್ ಕೇಸು, ನೋಂದಣಿಯಾಗದ ಕರಾರು ಅದರಲ್ಲಿ ಕಾಣದಿರಬಹುದು. ಆದ್ದರಿಂದ ಮೂಲ ದಸ್ತಾವೇಜನ್ನೇ ಕಣ್ಣಿಂದ ನೋಡಬೇಕು. "ಝೆರಾಕ್ಸ್ ಉಂಟು, ಒರಿಜಿನಲ್ ಲಾಕರ್‌ನಲ್ಲಿದೆ" ಎಂದರೆ, ಒರಿಜಿನಲ್ ಯಾವುದೋ ಬ್ಯಾಂಕಿನಲ್ಲಿ ಅಡವಿದೆಯೇ ಎಂದು ಸಂಶಯ ಪಡುವುದು ತಪ್ಪಲ್ಲ. ಆರ್‌ಟಿಸಿಯ 11ನೇ ಕಾಲಂನಲ್ಲಿ ಸೊಸೈಟಿ ಸಾಲದ ದಾಖಲೆ ಇರುತ್ತದೆ, ಅದನ್ನೂ ಓದಿ.

2024ರ ಅಕ್ಟೋಬರ್‌ನಿಂದ ನೋಂದಣಿಗೆ ಇ ಖಾತಾ ಕಡ್ಡಾಯ. ಪಂಚಾಯತ್ ವ್ಯಾಪ್ತಿಯಲ್ಲಿ ಇದನ್ನು ನಮೂನೆ 9 ಮತ್ತು 11 ಎನ್ನುತ್ತಾರೆ. ಬಾಯಿಮಾತಿನಲ್ಲಿ "ನೈನ್ ಇಲೆವೆನ್". 11ಎ ಬೇರೆ, 11ಬಿ ಬೇರೆ. ಪೇಟೆಯಲ್ಲಿ ಎ ಖಾತಾ, ಬಿ ಖಾತಾ ಇರುವ ಹಾಗೆ. ಬಿ ಎಂದರೆ ಸರಕಾರ ತೆರಿಗೆ ವಸೂಲಿಗೆ ಪಟ್ಟಿ ಮಾಡಿದೆ ಎಂದರ್ಥ, ಎಲ್ಲವೂ ಕ್ರಮಬದ್ಧ ಇದೆ ಎಂದಲ್ಲ. ಬೆಲೆಯಲ್ಲಿ ಎರಡನ್ನೂ ಸಮ ಮಾಡಬೇಡಿ.

ಫ್ಲ್ಯಾಟ್ ಆದರೆ ರೇರಾ ನೋಂದಣಿ ನೋಡಿ. 500 ಚದರ ಮೀಟರ್ ಮತ್ತು 8 ಫ್ಲ್ಯಾಟ್ ಮೀರಿದ ಯೋಜನೆಗಳಿಗೆ ಇದು ಬೇಕು. ಕರ್ನಾಟಕ ರೇರಾದ ಜಾಲತಾಣದಲ್ಲಿ ಯೋಜನೆಯ ಹೆಸರು ಹಾಕಿದರೆ ನಕ್ಷೆ, ಮುಗಿಸಬೇಕಾದ ದಿನಾಂಕ ಎಲ್ಲ ಸಿಗುತ್ತದೆ. ನೋಂದಾಯಿತ ಕರಾರು ಆಗುವ ಮೊದಲು ಬಿಲ್ಡರ್ 10 ಶೇಕಡಾಕ್ಕಿಂತ ಹೆಚ್ಚು ತೆಗೆದುಕೊಳ್ಳುವಂತಿಲ್ಲ. 45 ಲಕ್ಷದ ಫ್ಲ್ಯಾಟಿಗೆ ನಾಲ್ಕೂವರೆ ಲಕ್ಷ, ಅಷ್ಟೇ. ಕೈಗೆ ಬಂದ ಮೇಲೆ 5 ವರ್ಷದೊಳಗೆ ಕಟ್ಟಡದ ದೋಷ ಕಂಡರೆ ಅವರೇ ಸರಿ ಮಾಡಿಕೊಡಬೇಕು. ಅಳತೆ ಕೇಳುವಾಗ ಕಾರ್ಪೆಟ್ ಏರಿಯಾ ಕೇಳಿ. 1,200 ಚದರ ಅಡಿ ಎಂದು ಹೇಳುವುದರಲ್ಲಿ ಗೋಡೆ, ಮೆಟ್ಟಿಲು, ಲಿಫ್ಟ್ ಎಲ್ಲದರ ಪಾಲು ಸೇರಿರುತ್ತದೆ. ಡೋರ್ ನಂಬರ್ ಸಿಕ್ಕಿದೆಯೇ, ತಿಂಗಳ ನಿರ್ವಹಣೆ ಖರ್ಚು ಎಷ್ಟು, ಬೇಸಿಗೆಯಲ್ಲಿ ನೀರು ಟ್ಯಾಂಕರ್‌ದೋ ಬಾವಿಯದ್ದೋ ಎಂದು ಅಲ್ಲೇ ಇರುವ ಎರಡು ಮನೆಯವರಲ್ಲಿ ಕೇಳಿ. ಬಿಲ್ಡರ್ ಹೇಳದ್ದನ್ನು ಅವರು ಹೇಳುತ್ತಾರೆ.

ಇದನ್ನೆಲ್ಲ ನೀವೇ ಓದಿ ಮುಗಿಸಬೇಕೆಂದಿಲ್ಲ, ವಕೀಲರಿಂದ ಓದಿಸಿ. ಆದರೆ ಆ ವಕೀಲರು ನಿಮ್ಮವರಾಗಿರಲಿ, ಬ್ರೋಕರ್ ತೋರಿಸಿದವರು ಬೇಡ. 40 ಲಕ್ಷ ಕೊಡುವವರು ವಕೀಲರ ಫೀಸು ಉಳಿಸಲು ಹೋಗುವುದು ಕೊಡೆ ಮನೆಯಲ್ಲಿಟ್ಟು ಮಳೆಗೆ ಹೊರಟ ಹಾಗೆ.

ಹಣದ ದಾರಿ

ಬಡ್ಡಿಯ ಭಯದಿಂದ ನಮ್ಮಲ್ಲಿ ಹೆಚ್ಚಿನವರು ಬ್ಯಾಂಕ್ ಸಾಲದ ಕಡೆ ಹೋಗುವುದಿಲ್ಲ. ಅದು ಒಳ್ಳೆಯ ಭಯ. ಆದರೆ ಬ್ಯಾಂಕ್ ಇಲ್ಲದಾಗ ಒಂದು ಕಷ್ಟವೂ ಉಂಟು. ಬ್ಯಾಂಕ್ ಸಾಲ ಕೊಡುವ ಮೊದಲು ತನ್ನ ವಕೀಲರಿಂದ ಕಾಗದ ಪರೀಕ್ಷೆ ಮಾಡಿಸುತ್ತದೆ. ಕೈಯಿಂದಲೇ ಹಣ ಕೊಡುವ ನಮಗೆ ಆ ಪರೀಕ್ಷೆ ಮಾಡಿಸುವವರಿಲ್ಲ, ನಾವೇ ಮಾಡಿಸಬೇಕು.

ಬಿಲ್ಡರ್ ಜತೆ ಕಂತಿನ ವ್ಯವಹಾರ ಮಾಡುವವರು ಒಟ್ಟು ಬೆಲೆ ಎಷ್ಟು, ಕಂತು ಎಷ್ಟು ಎಂದು ಮೊದಲೇ ನಿಗದಿ ಮಾಡಿ ಬರೆಸಿ. ಕಂತು ತಡವಾದರೆ ಬಡ್ಡಿ ಎಂಬ ಷರತ್ತು ಕರಾರಿನ ಒಳಗೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸಹಿಗೆ ಮೊದಲು ಓದಿ, ನಿಮ್ಮ ಖತೀಬರಲ್ಲಿ ತೋರಿಸಿ ಕೇಳಿ. ಮನೆಗೆಂದು ಕೂಡಿಟ್ಟ ಹಣವನ್ನು "ಹಲಾಲ್ ಲಾಭ" ಎಂಬ ಬೋರ್ಡ್ ನೋಡಿ ಎಲ್ಲೋ ಹಾಕುವುದೂ ಬೇಡ. 2019ರ ಜೂನ್‌ನಲ್ಲಿ ಬೆಂಗಳೂರಿನ ಐಎಂಎ ಮುಳುಗಿದಾಗ ಸಾವಿರಾರು ಮುಸ್ಲಿಂ ಕುಟುಂಬಗಳ ಉಳಿತಾಯ ಹೋಯಿತು. ಹೆಸರಲ್ಲಿ ಹಲಾಲ್ ಇದ್ದರೆ ಸಾಲದು, ಲೆಕ್ಕದಲ್ಲೂ ಇರಬೇಕು.

ಹಣ ಕೊಡುವುದು ಬ್ಯಾಂಕ್ ಮೂಲಕವೇ ಇರಲಿ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನದ್ದನ್ನು ನಗದಾಗಿ ಪಡೆಯುವುದಕ್ಕೆ 2015ರಿಂದ ನಿಷೇಧ ಇದೆ. "ದಸ್ತಾವೇಜಿನಲ್ಲಿ 25 ತೋರಿಸೋಣ, 15 ಕೈಯಲ್ಲಿ ಕೊಡಿ" ಎನ್ನುವ ಮಾತು ನಿಮಗೂ ಅಭ್ಯಾಸವಾಗಿರಬಹುದು. ವ್ಯವಹಾರ ಮುರಿದರೆ ವಾಪಸ್ ಸಿಗುವುದು ದಾಖಲೆಯಲ್ಲಿರುವ ಹಣ ಮಾತ್ರ, ಕೈಯಲ್ಲಿ ಕೊಟ್ಟ 15ಕ್ಕೆ ಸಾಕ್ಷಿ ಯಾರು? ಮೇಲಾಗಿ ಅದು ಸುಳ್ಳು ಬರವಣಿಗೆ.

ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ 1 ಶೇಕಡಾ ಟಿಡಿಎಸ್ ಹಿಡಿದು ಸರಕಾರಕ್ಕೆ ಕಟ್ಟಬೇಕಾದ್ದು ಕೊಳ್ಳುವವರು. ಮಾರುವವ ಎನ್‌ಆರ್‌ಐ ಆದರೆ ಆ 50 ಲಕ್ಷದ ಮಿತಿಯೂ ಇಲ್ಲ, ದರವೂ ಬೇರೆ. ಹಿಡಿಯದೆ ಪೂರ್ತಿ ಹಣ ಕೊಟ್ಟರೆ ನೋಟಿಸ್ ಬರುವುದು ನಿಮ್ಮ ಮನೆಗೆ. ಎನ್‌ಆರ್‌ಐಯಿಂದ ಕೊಳ್ಳುವ ಮೊದಲು ಚಾರ್ಟರ್ಡ್ ಅಕೌಂಟೆಂಟರಲ್ಲಿ ಕೇಳಿ.

ಬೆಲೆಯ ಮೇಲೆ ಬರುವ ಖರ್ಚನ್ನೂ ಮೊದಲೇ ಲೆಕ್ಕ ಹಾಕಿ. ಸಾಮಾನ್ಯವಾಗಿ ಮುದ್ರಾಂಕ ಶುಲ್ಕ 5 ಶೇಕಡಾ, ಅದರ ಮೇಲೆ ಸೆಸ್ ಮತ್ತು ಸರ್ಚಾರ್ಜ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1 ಶೇಕಡಾದಿಂದ 2ಕ್ಕೆ ಏರಿದೆ. ಎಲ್ಲ ಸೇರಿ ಏಳೂವರೆ ಶೇಕಡಾದಷ್ಟು. 40 ಲಕ್ಷದ ಮನೆಗೆ ಸುಮಾರು 3 ಲಕ್ಷ. ಇದನ್ನು ಮರೆತು ಬೆಲೆ ಒಪ್ಪಿದವರೇ ಕೊನೆಗೆ ಹೆಂಡತಿಯ ಕಪಾಟಿನ ಹತ್ತಿರ ಹೋಗುವುದು.

ಮನೆ ಆದ ಮೇಲೆ ಒಕ್ಕಲು. ನಾಲ್ಕು ನೂರು ಜನರಿಗೆ ಬಿರಿಯಾನಿ, ಮೇಲಿನ ಮಹಡಿಗೆ ಗ್ರಾನೈಟ್, ಎದುರಿಗೆ ದೊಡ್ಡ ಗೇಟು. ಇದಕ್ಕೆಂದು ಸಾಲ ಮಾಡಿದವ ಹೊಸ ಮನೆಯಲ್ಲಿ ಒಂದು ತಿಂಗಳೂ ಮಲಗದೆ ಮತ್ತೆ ವಿಮಾನ ಹತ್ತಬೇಕಾಗುತ್ತದೆ. ಮನೆಯವರು ಮೂವರು, ಕೋಣೆ ಏಳು. ಎರಡು ಕೋಣೆಯ ಮನೆಯಲ್ಲಿ ಸಾಲವಿಲ್ಲದೆ ಇರುವುದೇ ಬರಕತ್.

ಕೊನೆಗೆ, ಮೊಹಲ್ಲಾ

ಮನೆ ಎಂದರೆ ನಾಲ್ಕು ಗೋಡೆ ಮಾತ್ರವಲ್ಲ. ಹೊಸ ಊರಿಗೆ ಹೋಗುವವರು ಅಲ್ಲಿನ ಜಮಾಅತ್ ಆಫೀಸಿಗೆ ಒಮ್ಮೆ ಹೋಗಿ ಬನ್ನಿ. ಸದಸ್ಯತ್ವ ಹೇಗೆ, ತಿಂಗಳ ವಂತಿಗೆ ಎಷ್ಟು, ಖಬರಸ್ಥಾನದ ಹಕ್ಕು ಯಾವಾಗಿನಿಂದ ಎಂದು ಕೇಳಿ. ಹಳೆ ಊರಿನ ಜಮಾಅತ್ ಬಿಟ್ಟು ಹೊಸತಕ್ಕೆ ಸೇರದೆ, ಮಯ್ಯತ್ ಮನೆಯಲ್ಲಿಟ್ಟುಕೊಂಡು ಓಡಾಡುವ ಗತಿ ಯಾರಿಗೂ ಬಾರದಿರಲಿ. ಮದ್ರಸಕ್ಕೆ ಮಕ್ಕಳು ಮುಂಜಾನೆ ನಡೆದು ಹೋಗುವಷ್ಟು ಹತ್ತಿರವೇ, ಶಾಲೆಗೆ ಬಸ್ಸು ಉಂಟಾ, ರಾತ್ರಿ ಉಮ್ಮನಿಗೆ ಉಸಿರಾಟ ಕಷ್ಟವಾದರೆ ಆ್ಯಂಬುಲೆನ್ಸ್ ಬಾಗಿಲ ತನಕ ಬರುತ್ತದಾ ಎಂದೂ ನೋಡಿ. ನೆರೆಯವರು ಬೇರೆ ಧರ್ಮದವರಾಗಿರಲಿ, ನಮ್ಮವರೇ ಆಗಿರಲಿ, ಜಾಗ ಕೊಳ್ಳುವ ಮೊದಲೇ ಸಲಾಮೋ ನಮಸ್ಕಾರವೋ ಹೇಳಿ ಪರಿಚಯ ಮಾಡಿಕೊಳ್ಳಿ. ಗಡಿಕಲ್ಲಿನ ತಕರಾರು ಇದ್ದರೆ ಆ ಹತ್ತು ನಿಮಿಷದಲ್ಲೇ ಗೊತ್ತಾಗುತ್ತದೆ.

ಈಗಾಗಲೇ ಮನೆ ಮಾಡಿದವರಲ್ಲಿ ಒಂದು ವಿನಂತಿ. ಈ ವಾರ ದಸ್ತಾವೇಜು ಹೊರಗೆ ತೆಗೆಯಿರಿ. ಅದರಲ್ಲಿರುವ ಹೆಸರು, ಹಣ ಕೊಟ್ಟವರ ಹೆಸರು, ಚಿನ್ನ ಕೊಟ್ಟವಳ ಹೆಸರು ಮೂರೂ ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ಹೊಂದದಿದ್ದರೆ ಮನೆಯವರನ್ನೆಲ್ಲ ಕೂರಿಸಿ ಮಾತಾಡಿ. ಎಲ್ಲರೂ ಬದುಕಿರುವಾಗ, ಎಲ್ಲರೂ ನಗುತ್ತಿರುವಾಗ ಅರ್ಧ ಗಂಟೆಯಲ್ಲಿ ಮುಗಿಯುವ ಮಾತು ಅದು. ಹಲಾಲಾಗಿ ದುಡಿದ ಹಣದ ಮನೆ ನಮ್ಮ ಮಕ್ಕಳಿಗೆ ನೆರಳಾಗಲಿ, ಯಾರ ಹಕ್ಕೂ ಅದರ ಗೋಡೆಯೊಳಗೆ ಸಿಕ್ಕಿಬೀಳದಿರಲಿ. ಅಲ್ಲಾಹನು ತೌಫೀಕ್ ನೀಡಲಿ, ಆಮೀನ್.